ಬೂಷ್ಟು ಹಿಡಿದ ರಾಗಿಯೂ ಮೂತ್ರಪಿಂಡದ ಜೀವಕೋಶಗಳೂ: ಪ್ರಯೋಗಾಲಯದ ಸುದ್ದಿಯನ್ನು ಮನೆಯ ಚೀಲಕ್ಕೆ ಎಷ್ಟರಮಟ್ಟಿಗೆ ಅನ್ವಯಿಸಬಹುದು?

ಮದ್ದೂರು ಕಡೆಯವ (ಭಾನುವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ನನ್ನ ಊರು ಮದ್ದೂರಿನ ಹತ್ತಿರ, ಕೆಲಸ ಮೈಸೂರಿನಲ್ಲಿ. ಕಳೆದ ತಿಂಗಳ ಮಳೆಗೆ ಊರಿನ ಮನೆಯ ಹಿಂಬದಿ ಕೋಣೆಯ ಹೆಂಚು ಸರಿದು, ಗೋಡೆಗೆ ಒರಗಿಸಿಟ್ಟಿದ್ದ ಐದು ಚೀಲ ರಾಗಿಯಲ್ಲಿ ಎರಡಕ್ಕೆ ನೀರು ಇಳಿದಿದೆ. ನಾನು ಹೋಗಿ ಚೀಲ ಬಿಚ್ಚುವ ಹೊತ್ತಿಗೆ ಕಾಳು ಮುಷ್ಟಿ ಗಾತ್ರದ ಹೆಂಟೆಗಳಾಗಿ ಅಂಟಿಕೊಂಡಿತ್ತು. ಹೆಂಟೆ ಒಡೆದರೆ ಒಳಗೆ ಬೂದು ಮಿಶ್ರಿತ ಹಸಿರು ಪುಡಿ, ಗಂಟಲಿಗೆ ಇಳಿಯುವ ಮುಗ್ಗಲು ವಾಸನೆ. ಚೀಲದ ನಡುವೆ ಕೈಯಿಟ್ಟರೆ ಬೆಚ್ಚಗಿತ್ತು.

ಚೆನ್ನಾಗಿ ತೊಳೆದು ಎರಡು ಬಿಸಿಲು ಕೊಟ್ಟರೆ ಸಾಕು, ಮುದ್ದೆ ಬೇಯುವ ಬಿಸಿಗೆ ಯಾವುದು ಬದುಕುತ್ತದೆ ಎಂಬುದು ಅವ್ವನ ವಾದ. ಆದರೆ ಆಹಾರದ ಬೂಷ್ಟಿನ ವಿಷಗಳು ಮನುಷ್ಯರ ಮೂತ್ರಪಿಂಡದ ಜೀವಕೋಶಗಳನ್ನು ಕೊಲ್ಲುತ್ತವೆ ಎಂಬ ಬರಹವೊಂದನ್ನು ನಾನು ಓದಿದಂದಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಕಳೆದ ಬಾರಿಯ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.6 ಇತ್ತು. ಬಿಸಿಲು ಮತ್ತು ಬೇಯಿಸುವಿಕೆಯಿಂದ ಆ ವಿಷ ಹೋಗುತ್ತದೆಯೇ, ಗಾಜಿನ ತಟ್ಟೆಯಲ್ಲಿ ಸತ್ತ ಕೋಶಕ್ಕೂ ನಮ್ಮ ಹೊಟ್ಟೆಗೂ ನಿಜವಾಗಿ ಎಷ್ಟು ಸಂಬಂಧವಿದೆ ಎಂಬುದನ್ನು ತಿಳಿದವರು ಹೇಳಬೇಕು.

ಕೋಶಕೃಷಿ ನಿವೃತ್ತ (ಭಾನುವಾರ, ರಾತ್ರಿ 11.35)

ಮೈಸೂರಿನಲ್ಲಿ ಹಲವು ವರ್ಷ ಇಂತಹ ಕೋಶಗಳನ್ನು ಸಾಕಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬೇಸರಿಸಬಾರದು.

ನಿಮ್ಮ ತಾಯಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಮುದ್ದೆಯ ಬಿಸಿಗೆ ಬೂಷ್ಟು ಸಾಯುತ್ತದೆ. ಆದರೆ ಅದು ಬೆಳೆಯುವಾಗ ಕಾಳಿನೊಳಕ್ಕೆ ಬಿಟ್ಟ ವಿಷ ಒಂದು ರಾಸಾಯನಿಕ. ಅದಕ್ಕೆ ಜೀವವಿಲ್ಲ, ಆದ್ದರಿಂದ ಸಾವೂ ಇಲ್ಲ. ಮೂತ್ರಪಿಂಡದ ಮಾತು ಬಂದಾಗ ಮೊದಲು ಹೆಸರಿಸಬೇಕಾದದ್ದು ಓಕ್ರಾಟಾಕ್ಸಿನ್ ಎ. ಆಸ್ಪರ್ಜಿಲ್ಲಸ್ ಓಕ್ರೇಸಿಯಸ್ ಎಂಬ ಬೂಷ್ಟಿನಿಂದ ಇದನ್ನು 1965ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೇರ್ಪಡಿಸಿದರು. ಧಾನ್ಯ, ಕಾಫಿ ಬೀಜ, ಒಣದ್ರಾಕ್ಷಿ, ಒಣಮೆಣಸಿನಕಾಯಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎರಡನೆಯದು ಸಿಟ್ರಿನಿನ್, ಇದು 1931ರಿಂದಲೇ ಗೊತ್ತಿರುವ ಪೆನಿಸಿಲಿಯಂ ಜಾತಿಯ ವಿಷ, ಇದರ ಗುರಿಯೂ ಮೂತ್ರಪಿಂಡವೇ. ಕಡಲೆಕಾಯಿಯ ವಿಷಯದಲ್ಲಿ ಎಲ್ಲರೂ ಕೇಳಿರುವ ಅಫ್ಲಾಟಾಕ್ಸಿನ್ ಮುಖ್ಯವಾಗಿ ಯಕೃತ್ತಿಗೆ ಕೆಡುಕು. ಓಕ್ರಾಟಾಕ್ಸಿನ್ ಅಡುಗೆಮನೆಯ ಬಿಸಿಗೆ ಬಗ್ಗುವಂಥದ್ದಲ್ಲ. ಕಾಫಿ ಬೀಜ ಹುರಿಯುವಾಗ ಅದರ ಒಂದು ಪಾಲು ಕಡಿಮೆಯಾಗುತ್ತದೆ, ಆದರೆ ಹುರಿಯುವ ಬಾಂಡಲೆಯ ಉಷ್ಣತೆಗೂ ಮುದ್ದೆಯ ಎಸರಿಗೂ ಹೋಲಿಕೆಯೇ ಇಲ್ಲ.

ಇನ್ನು ಮೂತ್ರಪಿಂಡವೇ ಏಕೆ ಎಂಬ ಪ್ರಶ್ನೆ. ರಕ್ತಕ್ಕೆ ಸೇರಿದ ಓಕ್ರಾಟಾಕ್ಸಿನ್ ಶೇಕಡ 99ಕ್ಕೂ ಹೆಚ್ಚು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ತಿರುಗುತ್ತದೆ, ಹೀಗಾಗಿ ಮೂತ್ರಪಿಂಡದ ಜರಡಿಯಿಂದ ಸುಲಭವಾಗಿ ಸೋಸಿಹೋಗುವುದಿಲ್ಲ. ಅದನ್ನು ಹೊರಹಾಕುವ ಕೆಲಸ ಜರಡಿಯ ಪಕ್ಕದ ಸಣ್ಣ ನಾಳದ ಗೋಡೆಯ ಕೋಶಗಳದು. ಆ ಕೋಶಗಳ ಮೈಮೇಲೆ ಓಎಟಿ1, ಓಎಟಿ3 ಎಂಬ ಸಾಗಣೆಯ ಬಾಗಿಲುಗಳಿವೆ. ಅವು ರಕ್ತದಲ್ಲಿರುವ ಬೇಡದ ಆಮ್ಲಗಳನ್ನು ಹಿಡಿದು ಒಳಗೆಳೆದು ಮೂತ್ರದ ಕಡೆಗೆ ದಾಟಿಸುತ್ತವೆ. ಓಕ್ರಾಟಾಕ್ಸಿನ್ ಕೂಡ ಆ ಬಾಗಿಲಿನಿಂದಲೇ ನುಗ್ಗುತ್ತದೆ. ಕಸ ಸಾಗಿಸುವವನ ಕೈಗೇ ಕಸದ ಮುಳ್ಳು ಚುಚ್ಚಿದಂತೆ. ಸಾಲದೆಂಬಂತೆ, ಮೂತ್ರಕ್ಕೆ ಬಿದ್ದದ್ದರಲ್ಲಿ ಒಂದಷ್ಟು ನಾಳದ ಮುಂದಿನ ಭಾಗದಲ್ಲಿ ಮತ್ತೆ ಹೀರಿಕೆಯಾಗಿ ರಕ್ತಕ್ಕೆ ವಾಪಸಾಗುತ್ತದೆ. ಸ್ವಯಂಸೇವಕನೊಬ್ಬನಲ್ಲಿ ಅಳೆದಾಗ ದೇಹದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 35 ದಿನ ಹಿಡಿದಿತ್ತು. ದಿನವೂ ಚಿಟಿಕೆಯಷ್ಟು ತಿಂದರೂ ಶೇಖರವಾಗುತ್ತ ಹೋಗುವುದಕ್ಕೆ ಇದೇ ಕಾರಣ.

ಒಳಹೊಕ್ಕ ಮೇಲೆ ಅದು ಮಾಡುವ ಕೆಲಸ ಒಂದಲ್ಲ. ಅದರ ಅಣುವಿನ ಅರ್ಧಭಾಗ ಫಿನೈಲ್ ಅಲನಿನ್ ಎಂಬ ಸಾಮಾನ್ಯ ಅಮೈನೋ ಆಮ್ಲ. ಆ ವೇಷದಲ್ಲಿ ಪ್ರೋಟೀನ್ ಕಟ್ಟುವ ಕಿಣ್ವದ ಜಾಗದಲ್ಲಿ ಕುಳಿತು ಕೆಲಸ ತಡೆಯುತ್ತದೆ. ಜೊತೆಗೆ ಆಕ್ಸಿಡೇಟಿವ್ ಒತ್ತಡವನ್ನು, ಅಂದರೆ ಆಮ್ಲಜನಕದ ಚುರುಕು ಅಣುಗಳಿಂದ ಕೋಶಕ್ಕಾಗುವ ಹಾನಿಯನ್ನು, ಹೆಚ್ಚಿಸಿ, ಕೋಶದ ರಕ್ಷಣೆಗಿರುವ ಎನ್‌ಆರ್‌ಎಫ್2 ಎಂಬ ವ್ಯವಸ್ಥೆಯನ್ನೇ ಕುಗ್ಗಿಸುತ್ತದೆ.

ಇದನ್ನು ಕಣ್ಣಾರೆ ನೋಡಿದರೆ ಹೀಗಿರುತ್ತದೆ. ಪ್ರಯೋಗಕ್ಕೆ ಬಳಸುವ ತಟ್ಟೆಯಲ್ಲಿ 96 ಗುಣಿಗಳಿರುತ್ತವೆ, ಪುಟ್ಟ ಅಳಗುಳಿ ಮಣೆಯೆಂದೇ ತಿಳಿಯಿರಿ. ಆರೋಗ್ಯವಾಗಿರುವ ನಾಳದ ಕೋಶಗಳು ಗುಣಿಯ ತಳದಲ್ಲಿ ಕಲ್ಲುಚಪ್ಪಡಿ ಹಾಸಿದ ಹಾಗೆ ಒಂದಕ್ಕೊಂದು ಅಂಟಿ ಹರಡಿರುತ್ತವೆ. ವಿಷ ಸೇರಿಸಿ 24 ಗಂಟೆಯ ಮೇಲೆ ನೋಡಿದರೆ ಚಪ್ಪಡಿಗಳ ನಡುವೆ ಸಂದು ಬಿಟ್ಟಿರುತ್ತದೆ, ಕೋಶಗಳು ಉಂಡೆಯಾಗಿ ತಳ ಬಿಟ್ಟು ತೇಲತೊಡಗಿರುತ್ತವೆ. ಬಳಿಕ ಹಳದಿ ಬಣ್ಣದ ಎಂಟಿಟಿ ಎಂಬ ದ್ರಾವಣ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ. ವಿಷದ ಪ್ರಮಾಣ ಏರಿದ ಹಾಗೆ ಸಾಲುಸಾಲಾಗಿ ನೇರಳೆ ಮಾಸಿ ಹಳದಿಯೇ ಉಳಿಯುತ್ತದೆ. ನೀವು ಓದಿದ ಬರಹದ ಹಿಂದೆ ಇಂತಹದೊಂದು ತಟ್ಟೆ ಇದ್ದೇ ಇರುತ್ತದೆ.

ಹಿಟ್ಟಿನ ಗಿರಣಿ (ಸೋಮವಾರ, ಬೆಳಿಗ್ಗೆ 6.50)

ಒಂದೇ ವಿನಂತಿ. ಆ ರಾಗಿಯನ್ನು ದಯವಿಟ್ಟು ಗಿರಣಿಗೆ ತರಬೇಡಿ. ಪ್ರತಿ ಹಿಟ್ಟಿನ ಒಂದಷ್ಟು ಭಾಗ ಕಲ್ಲಿನ ಸಂದಿನಲ್ಲೂ ಕೆಳಗಿನ ಬಟ್ಟೆ ಚೀಲದಲ್ಲೂ ಉಳಿದು ಹಿಂದಿನಿಂದ ಬರುವವರ ಡಬ್ಬಿಗೆ ಹೋಗುತ್ತದೆ. ಮುಗ್ಗಲು ಕಾಳು ಬಂದರೆ ಮೂಗಿಗೆ ಗೊತ್ತಾಗುತ್ತದೆ, ನಾನು ಹಿಂದಕ್ಕೆ ಕಳುಹಿಸುತ್ತೇನೆ, ಜಗಳವೂ ಆಗುತ್ತದೆ. ತೊಳೆದು ಒಣಗಿಸಿ ತಂದರೆ ಮಾತ್ರ ನನಗೂ ತಿಳಿಯುವುದಿಲ್ಲ.

ಕೃಷ್ಣಮೂರ್ತಿಪುರಂ ಹಿರಿಯ (ಸೋಮವಾರ, ಬೆಳಿಗ್ಗೆ 8.15)

ನನಗೆ ಎಪ್ಪತ್ತೆಂಟು. ನಮ್ಮ ತಾತ ಹಗೇವಿನಲ್ಲಿ, ಅಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ತುಂಬಿದ ರಾಗಿಯನ್ನು ವರ್ಷಗಟ್ಟಲೆ ಇಟ್ಟು ತಿಂದವರು, ತೊಂಬತ್ತು ದಾಟಿ ಬದುಕಿದವರು. ಕೊಬ್ಬರಿ ಗಿಟುಕಿನ ಒಳಗೆ ಬೂಷ್ಟು ಕಂಡರೆ ಬಟ್ಟೆಯಲ್ಲಿ ಒರೆಸಿ ತುರಿದು ಹಾಕುವುದನ್ನು ನೋಡಿಕೊಂಡೇ ಬೆಳೆದಿದ್ದೇವೆ. ಆಗ ಡಯಾಲಿಸಿಸ್ ಎಂಬ ಪದವನ್ನೇ ಕೇಳಿರಲಿಲ್ಲ. ಈಗ ಪ್ರತಿಯೊಂದಕ್ಕೂ ಹೆದರಿಸುವುದು ಒಂದು ವೃತ್ತಿಯಾಗಿದೆ ಎಂದು ನನಗನ್ನಿಸುತ್ತದೆ. ತಪ್ಪಿದ್ದರೆ ತಿದ್ದಿ.

ಪಾಂಡವಪುರ ರೈತ (ಸೋಮವಾರ, ಬೆಳಿಗ್ಗೆ 10.05)

ಹಿರಿಯರಿಗೆ ನಮಸ್ಕಾರ. ಹಗೇವಿನ ಮಾತು ತೆಗೆದಿರಿ, ಸಂತೋಷವಾಯಿತು. ನಮ್ಮ ಊರಿನಲ್ಲಿ ಹಗೇವು ತೆಗೆಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬಾಯಿಯ ಕಲ್ಲು ಸರಿಸಿದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಮೊದಲು ದೀಪ ಇಳಿಸಿ, ಅದು ಆರಿದರೆ ಕಾಯುತ್ತಿದ್ದರು. ದೀಪ ಆರಲು ಕಾರಣ ಒಳಗೆ ಆಮ್ಲಜನಕ ಇಲ್ಲದಿರುವುದು. ಕಾಳಿನ ಉಸಿರಾಟದಿಂದಲೇ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು, ಹುಳುವಿಗೂ ಬೂಷ್ಟಿಗೂ ಬೇಕಾದ ಗಾಳಿ ತೀರಿಹೋಗಿರುತ್ತಿತ್ತು. ಅದೂ ಅಲ್ಲದೆ ಕಣದಲ್ಲಿ ಚೆನ್ನಾಗಿ ಒಣಗಿ, ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವ ಕಾಳನ್ನು ಮಾತ್ರ ಹಗೇವಿಗೆ ಇಳಿಸುತ್ತಿದ್ದರು. ಈಗ ನಾವು ಯಂತ್ರದಲ್ಲಿ ಕೊಯ್ದು ಹಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಸಿಮೆಂಟ್ ನೆಲದ ಮೇಲೆ ಇಳಿಸುತ್ತೇವೆ. ನೆಲದ ತೇವ ಚೀಲದ ಬುಡಕ್ಕೆ ಏರುತ್ತದೆ. ರಾಗಿಯ ತೇವ ಶೇಕಡ 12ರ ಒಳಗೆ ಇರಬೇಕೆಂದು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದ ತರಬೇತಿಯಲ್ಲಿ ನಮಗೆ ಹೇಳಿದ್ದರು. ತಾತ ತಿಂದ ರಾಗಿಯೂ ಈ ಎರಡು ಚೀಲದ ರಾಗಿಯೂ ಒಂದೇ ಅಲ್ಲ ಎಂಬುದಷ್ಟೇ ನನ್ನ ಮಾತು.

ಕೊಬ್ಬರಿಯ ವಿಷಯ ಬೇರೆ. ಒರೆಸಿದರೆ ಮೇಲಿನ ಹಸಿರು ಹೋಗುತ್ತದೆ, ಎಳೆಗಳು ಒಳಗೆ ಹೋಗಿರುತ್ತವೆ.

ಗಂಗೋತ್ರಿ ವಿದ್ಯಾರ್ಥಿನಿ (ಸೋಮವಾರ, ಮಧ್ಯಾಹ್ನ 1.20)

ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೇನೆ. ನಿವೃತ್ತ ಸರ್ ಅವರ ವಿವರಣೆ ಬಹಳ ಚೆನ್ನಾಗಿದೆ, ಆದರೂ ಒಂದು ಆಕ್ಷೇಪವಿದೆ. ಕೋಶ ಸಾಯುವ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಓಕ್ರಾಟಾಕ್ಸಿನ್ ಮೈಕ್ರೋಮೋಲಾರ್ ಲೆಕ್ಕದ್ದು (ಮೋಲಾರ್ ಎಂಬುದು ದ್ರಾವಣದ ಸಾಂದ್ರತೆಯ ಅಳತೆ, ಒಂದು ಮೈಕ್ರೋ ಎಂದರೆ ಸಾವಿರ ನ್ಯಾನೋ). ಸಾಮಾನ್ಯ ಜನರ ರಕ್ತದಲ್ಲಿ ಅಳೆದಾಗ ಸಿಗುವುದು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಮಿನ ಆಸುಪಾಸಿನ ಪ್ರಮಾಣ, ಅಂದರೆ ಸುಮಾರು 2.5 ನ್ಯಾನೋಮೋಲಾರ್. ನಡುವಿನ ಅಂತರ ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ದೇಹದಲ್ಲಿರುವುದಕ್ಕಿಂತ ಅಷ್ಟು ಪಟ್ಟು ಹೆಚ್ಚಾಗಿ ಸುರಿದರೆ ಉಪ್ಪೂ ಕೋಶವನ್ನು ಕೊಲ್ಲುತ್ತದೆ. ಹಾಗಿರುವಾಗ "ಬೂಷ್ಟು ತಿಂದರೆ ಮೂತ್ರಪಿಂಡ ಸಾಯುತ್ತದೆ" ಎನ್ನುವ ಶೀರ್ಷಿಕೆ ನ್ಯಾಯವೇ?

ಮತ್ತೊಂದು ಕಥೆಯೂ ನೆನಪಾಗುತ್ತದೆ. ಡ್ಯಾನ್ಯೂಬ್ ನದಿಯ ಉಪನದಿಗಳ ಉದ್ದಕ್ಕೂ, ಬಲ್ಗೇರಿಯಾ, ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾ, ರೊಮೇನಿಯಾಗಳ ಕೆಲವು ಹಳ್ಳಿಗಳಲ್ಲಿ ಮಾತ್ರ ಕಾಣುವ ಒಂದು ಮೂತ್ರಪಿಂಡದ ಕಾಯಿಲೆಯನ್ನು 1950ರ ದಶಕದಲ್ಲಿ ಗುರುತಿಸಿದರು. ಡೆನ್ಮಾರ್ಕಿನ ಹಂದಿಗಳಿಗೆ ಬೂಷ್ಟು ಹಿಡಿದ ಬಾರ್ಲಿ ತಿಂದು ಅದೇ ರೀತಿಯ ಮೂತ್ರಪಿಂಡದ ಹಾನಿ ಆಗುತ್ತಿದ್ದುದರಿಂದ, ದಶಕಗಳ ಕಾಲ ಓಕ್ರಾಟಾಕ್ಸಿನನ್ನೇ ಅಪರಾಧಿ ಎಂದು ಶಂಕಿಸಿದ್ದರು. 2007ರ ಹೊತ್ತಿಗೆ ರೋಗಿಗಳ ಡಿಎನ್‌ಎಯಲ್ಲಿ ಸಿಕ್ಕ ಗುರುತು ಅರಿಸ್ಟೊಲೋಕಿಕ್ ಆಮ್ಲದ್ದು. ಆ ಆಮ್ಲವಿರುವ, ಗೋಧಿ ಹೊಲದ ಒಂದು ಕಳೆಯ ಬೀಜ ಗೋಧಿಯೊಂದಿಗೆ ಬೆರೆತು ರೊಟ್ಟಿಗೆ ಸೇರುತ್ತಿತ್ತು ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಅದೇ ಕುಲದ ಗಿಡ ನಮ್ಮಲ್ಲಿ ಈಶ್ವರಿ ಬಳ್ಳಿ. ಅದರ ಬೇರನ್ನು ಹಾವಿನ ವಿಷಕ್ಕೆಂದು ಅರೆದು ಕುಡಿಸುವವರಿದ್ದಾರೆ. ಬೂಷ್ಟಿಗೆ ಹೆದರುವವರು ಅದಕ್ಕೂ ಅಷ್ಟೇ ಹೆದರಬೇಕು.

ಕೋಶಕೃಷಿ ನಿವೃತ್ತ (ಸೋಮವಾರ, ಸಂಜೆ 5.40)

ಒಳ್ಳೆಯ ಆಕ್ಷೇಪ, ಮಗು. ಸಾವಿರ ಪಟ್ಟಿನ ಲೆಕ್ಕ ಸರಿಯೇ. ನಾನು ಅದನ್ನು ಮೊದಲೇ ಹೇಳಬೇಕಿತ್ತು. ಆದರೆ ಆ ಲೆಕ್ಕವನ್ನು ನೇರವಾಗಿ ಭಾಗಿಸಿ ಕೈತೊಳೆಯುವ ಹಾಗಿಲ್ಲ, ಏಕೆಂದರೆ ತಟ್ಟೆ ಎರಡು ದಿಕ್ಕಿನಲ್ಲಿ ತಪ್ಪು ಹೇಳುತ್ತದೆ.

ಒಂದು ದಿಕ್ಕು ನೀವು ಹೇಳಿದ್ದು. ಅದಕ್ಕೆ ಇನ್ನೊಂದನ್ನು ಸೇರಿಸಿ: ನಮ್ಮ ಪೋಷಕ ದ್ರಾವಣದಲ್ಲಿ ಆಲ್ಬುಮಿನ್ ಬಹಳ ಕಡಿಮೆ, ಆದ್ದರಿಂದ ಹಾಕಿದ ವಿಷದ ಬಹುಪಾಲು ಬಿಡಿಯಾಗಿಯೇ ಕೋಶದ ಮೇಲೆ ಬೀಳುತ್ತದೆ. ರಕ್ತದಲ್ಲಿ ಹಾಗಲ್ಲ. ವಿರುದ್ಧ ದಿಕ್ಕಿನದು ಕೋಶದ ಕೊರತೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಎಚ್‌ಕೆ-2 ಎಂಬ ಕೋಶವಂಶ ಮನುಷ್ಯನ ಆರೋಗ್ಯವಂತ ಮೂತ್ರಪಿಂಡದ ನಾಳದಿಂದ ತೆಗೆದದ್ದು, 1994ರಲ್ಲಿ ಪ್ರಕಟವಾದದ್ದು. ಗಾಜಿನಲ್ಲಿ ಬೆಳೆಯುತ್ತ ಬೆಳೆಯುತ್ತ ಅದು ನಾನು ಮೇಲೆ ಹೇಳಿದ ಓಎಟಿ ಬಾಗಿಲುಗಳನ್ನು ಕಳೆದುಕೊಂಡಿದೆ. ವಿಷವನ್ನು ಸೆಳೆದು ಶೇಖರಿಸುವ ಮುಖ್ಯ ದಾರಿಯೇ ಇಲ್ಲದ ಕೋಶ, ನಿಜವಾದ ನಾಳಕ್ಕಿಂತ ಗಟ್ಟಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಎಚ್‌ಇಕೆ-293 ಎಂಬ ಇನ್ನೊಂದು ಕೋಶದ ಫಲಿತಾಂಶಗಳನ್ನಂತೂ ನಾನು ಇನ್ನೂ ಎಚ್ಚರದಿಂದ ಓದುತ್ತೇನೆ. 1973ರಲ್ಲಿ ಭ್ರೂಣದ ಮೂತ್ರಪಿಂಡದಿಂದ ಮಾಡಿದ್ದರಿಂದ ಅದಕ್ಕೆ ಆ ಹೆಸರು ಬಂದಿದೆ, ಆದರೆ ಅದರ ಗುಣಗಳು ನರಕೋಶದ ಕಡೆಗೆ ವಾಲುತ್ತವೆ. ಬರಹ ಓದುವಾಗ ಯಾವ ಕೋಶ, ಎಷ್ಟು ಹೊತ್ತು, ದ್ರಾವಣದಲ್ಲಿ ಎಷ್ಟು ಸೀರಮ್ (ಆಲ್ಬುಮಿನ್ ಇರುವ ರಕ್ತದ ತಿಳಿ) ಎಂದು ನೋಡದೆ "ಮೂತ್ರಪಿಂಡದ ಕೋಶ" ಎಂಬ ಪದವನ್ನಷ್ಟೇ ಹಿಡಿಯುವುದು ಸಂಶೋಧಕರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ.

ಕೋಶ ಸಾಯುವುದೊಂದೇ ಅಳತೆಯೂ ಅಲ್ಲ. ಸಾಯಿಸದ ಕಡಿಮೆ ಪ್ರಮಾಣದಲ್ಲಿ ದಿನಗಟ್ಟಲೆ ಇಟ್ಟಾಗ ಕೋಶಗಳು ತಮ್ಮ ಆಕಾರ ಬಿಟ್ಟು ನಾರುಗಟ್ಟುವ ಊತಕದ ಸ್ವಭಾವ ತೋರುವುದನ್ನು ಕಂಡಿದ್ದಾರೆ. ಓಕ್ರಾಟಾಕ್ಸಿನ್ ಮತ್ತು ಸಿಟ್ರಿನಿನ್ ಒಂದೇ ಕಾಳಿನಲ್ಲಿ ಜೊತೆಯಾಗಿ ಇರಬಲ್ಲವು. ಕೆಲವು ಪ್ರಯೋಗಗಳಲ್ಲಿ ಇವೆರಡರ ಹಾನಿ ಬರೀ ಕೂಡಿದೆ, ಕೆಲವುಗಳಲ್ಲಿ ಕೂಡಿದ್ದಕ್ಕಿಂತ ಹೆಚ್ಚಾಗಿದೆ. ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ, ಮುಖ್ಯವಾಗಿ ಗಂಡು ಇಲಿಗಳಲ್ಲಿ, ಮೂತ್ರಪಿಂಡದ ಗೆಡ್ಡೆಗಳಾದವು. ಅದರ ಆಧಾರದ ಮೇಲೆಯೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲಿ ಓಕ್ರಾಟಾಕ್ಸಿನನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಸಾಲಿಗೆ ಸೇರಿಸಿತು. ಅಫ್ಲಾಟಾಕ್ಸಿನ್ ಇರುವುದು ಖಚಿತವಾಗಿ ಕ್ಯಾನ್ಸರ್ ತರುವ 1ನೇ ಗುಂಪಿನಲ್ಲಿ.

ಈಗ ಮಂಡ್ಯದ ತಟ್ಟೆಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಓಕ್ರಾಟಾಕ್ಸಿನಿಗೆ ಇಟ್ಟಿರುವ ಮಿತಿ ವಾರಕ್ಕೆ ದೇಹತೂಕದ ಪ್ರತಿ ಕೆಜಿಗೆ 100 ನ್ಯಾನೋಗ್ರಾಂ. 60 ಕೆಜಿ ತೂಕದವರಿಗೆ ವಾರಕ್ಕೆ 6 ಮೈಕ್ರೋಗ್ರಾಂ. ನಮ್ಮ ದೇಶದ ಕಾನೂನು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಕೆಜಿಗೆ 20 ಮೈಕ್ರೋಗ್ರಾಂ ತನಕ ಒಪ್ಪುತ್ತದೆ. ಅಷ್ಟೇ ಪ್ರಮಾಣ ಇರುವ ರಾಗಿ ಹಿಟ್ಟು ಎಂದು ಊಹಿಸಿ, ದಿನಕ್ಕೆ ಎರಡು ಮುದ್ದೆ ಉಣ್ಣುವವರು ವಾರಕ್ಕೆ ಒಂದು ಕೆಜಿ ಇನ್ನೂರು ಗ್ರಾಂ ಹಿಟ್ಟು ತಿಂದರೆ ಒಳಗೆ ಹೋಗುವುದು 24 ಮೈಕ್ರೋಗ್ರಾಂ, ಮಿತಿಯ ನಾಲ್ಕು ಪಟ್ಟು. ಬ್ರೆಡ್ಡಿನ ಚೂರು ತಿನ್ನುವವರನ್ನೂ ಮೂರು ಹೊತ್ತು ಮುದ್ದೆ ಉಣ್ಣುವವರನ್ನೂ ಒಂದೇ ಅಂಕಿಯಲ್ಲಿ ಅಳೆಯಲಾಗದು ಎಂಬುದು ಇದರಿಂದ ತಿಳಿಯುತ್ತದೆ. ಚೆನ್ನಾಗಿ ಒಣಗಿಸಿದ ಧಾನ್ಯದಲ್ಲಿ ಇಷ್ಟು ಇರುವುದಿಲ್ಲ, ಗಾಬರಿ ಬೇಡ. ಹೆಂಟೆಗಟ್ಟಿ ಬೆಚ್ಚಗಾದ ಚೀಲಕ್ಕೆ ಆ ಸಮಾಧಾನ ಹೇಳಲಾರೆ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2006ರಲ್ಲಿ ಇಂಥದೇ ಒಂದು ವಾರದ ಮಿತಿ ಇಟ್ಟಿತ್ತು. ವಂಶವಾಹಿಗೇ ಹಾನಿಯಾಗುವ ಸಂಶಯ ಬಗೆಹರಿಯದ ಕಾರಣ 2020ರಲ್ಲಿ ಅದನ್ನು ಕೈಬಿಟ್ಟಿತು. ಡ್ಯಾನ್ಯೂಬ್ ಕಡೆಯ ಆ ಹಳ್ಳಿಗಳ ಆರೋಪದಿಂದ ಓಕ್ರಾಟಾಕ್ಸಿನ್ ಬಹುಮಟ್ಟಿಗೆ ಬಿಡುಗಡೆಯಾದರೂ ಪೂರ್ತಿ ನಿರ್ದೋಷಿ ಎಂದು ಯಾರೂ ಬರೆದುಕೊಟ್ಟಿಲ್ಲ.

ಡಯಾಲಿಸಿಸ್ ಶುಶ್ರೂಷಕಿ (ಸೋಮವಾರ, ರಾತ್ರಿ 8.30)

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ ಮೂತ್ರಪಿಂಡ ಕಳೆದುಕೊಂಡವರು. ಮಂಡಿ ನೋವಿಗೆಂದು ಔಷಧಿ ಅಂಗಡಿಯಿಂದ ವರ್ಷಗಟ್ಟಲೆ ಮಾತ್ರೆ ತಂದು ನುಂಗಿದವರೂ ಇದ್ದಾರೆ. ಬೂಷ್ಟಿನಿಂದಲೇ ಹೀಗಾಯಿತು ಎಂದು ಬೊಟ್ಟು ಮಾಡಬಹುದಾದ ಒಬ್ಬರನ್ನೂ ನಾನು ಕಂಡಿಲ್ಲ. ಬೂಷ್ಟಿನ ಭಯದಲ್ಲಿ ಸಕ್ಕರೆಯ ಮಾತ್ರೆ ಮರೆಯುವ ಹಾಗಾಗಬಾರದು.

ಆದರೆ ಮದ್ದೂರಿನವರ ತಂದೆಯ ವಿಷಯದಲ್ಲಿ ಒಂದು ಮಾತು. ಕ್ರಿಯಾಟಿನಿನ್ ತಡವಾಗಿ ಏರುವ ಅಂಕಿ. ಸುಮಾರು ಅರ್ಧದಷ್ಟು ಸಾಮರ್ಥ್ಯ ಹೋಗುವವರೆಗೂ ಅದು ಸುಮ್ಮನಿರಬಹುದು. 1.6 ಎಂದರೆ ಅವರಲ್ಲಿ ಉಳಿದಿರುವ ನಾಳಗಳು ಈಗಾಗಲೇ ಇತರರ ಪಾಲಿನ ಕೆಲಸವನ್ನೂ ಮಾಡುತ್ತಿವೆ. ಅಂಥವರ ಮನೆಯಲ್ಲಿ ಅನುಮಾನದ ಕಾಳು ಉಳಿಸಿಕೊಳ್ಳುವುದು ಬೇಡ. ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮಾಡಿಸಿ.

ಮದ್ದೂರು ಕಡೆಯವ (ಮಂಗಳವಾರ, ಬೆಳಿಗ್ಗೆ 7.25)

ಎಲ್ಲರಿಗೂ ಋಣಿ. ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ನಾವು ತಿನ್ನುವುದು ಬೇಡ, ಸರಿ. ನೂರೈವತ್ತು ಕೆಜಿ ರಾಗಿಯನ್ನು ಎಸೆಯಲು ಕೈ ಬರುವುದಿಲ್ಲ, ಹಸುಗಳಿಗೆ ಬೇಯಿಸಿ ಹಾಕೋಣ ಎನ್ನುತ್ತಿದ್ದಾರೆ. ಮನೆಯಲ್ಲಿ ಎರಡು ಹಾಲು ಕೊಡುವ ಹಸು, ಒಂದು ಕರು ಇವೆ. ಪರೀಕ್ಷೆ ಮಾಡಿಸಿ ನೋಡಬಹುದೇ?

ಪಾಂಡವಪುರ ರೈತ (ಮಂಗಳವಾರ, ಬೆಳಿಗ್ಗೆ 9.00)

ಬೇಡ ಸ್ವಾಮಿ. ನಾನೂ ಹಾಗೆ ಮುಗ್ಗಲು ಜೋಳ ಹಾಕಿ ಹಾಲು ಅರ್ಧಕ್ಕಿಳಿಸಿಕೊಂಡವನು.

ಕೋಶಕೃಷಿ ನಿವೃತ್ತ (ಮಂಗಳವಾರ, ಬೆಳಿಗ್ಗೆ 11.15)

ಇದರಲ್ಲೊಂದು ವಿಚಿತ್ರವಿದೆ. ಓಕ್ರಾಟಾಕ್ಸಿನ್ ಒಂದೇ ಆಗಿದ್ದರೆ ಬೆಳೆದ ಹಸು ಅದನ್ನು ನಮಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಮೆಲುಕು ಹಾಕುವ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಎರಡಾಗಿ ಸೀಳಿ ಬಹುಪಾಲು ನಿರುಪದ್ರವಿಯಾಗಿಸುತ್ತವೆ. ಕರುವಿಗೆ ಆ ಹೊಟ್ಟೆ ಇನ್ನೂ ತಯಾರಾಗಿರುವುದಿಲ್ಲ. ಹಂದಿ, ಕೋಳಿಗಳಿಗೆ ಆ ರಕ್ಷಣೆ ಇಲ್ಲವೇ ಇಲ್ಲ. ಆದರೆ ನಿಮ್ಮ ಚೀಲದಲ್ಲಿ ಯಾವ ಬೂಷ್ಟು ಬೆಳೆದಿದೆ ಎಂದು ಬಣ್ಣ ನೋಡಿ ಹೇಳಲಾಗದು. ಅಫ್ಲಾಟಾಕ್ಸಿನ್ ಇದ್ದರೆ ಅದು ಹಸುವಿನ ದೇಹದಲ್ಲಿ ಎಂ1 ಎಂಬ ರೂಪ ತಾಳಿ ಒಂದೆರಡು ದಿನದೊಳಗೆ ಹಾಲಿನಲ್ಲಿ ಬರುತ್ತದೆ. ನಮ್ಮಲ್ಲಿ ಹಾಲಿಗೆ ಕೆಜಿಗೆ 0.5 ಮೈಕ್ರೋಗ್ರಾಂ ಮಿತಿ ಇದೆ. ನಿಮ್ಮ ಹಸುವಿನ ಹಾಲು ಡೇರಿಯ ಕ್ಯಾನಿಗೆ ಬಿದ್ದ ಮೇಲೆ ಯಾರ ಮನೆಯ ಮಗುವಿಗೆ ಹೋಗುತ್ತದೆ ಎಂದು ನಿಮಗೆ ತಿಳಿಯುವುದಿಲ್ಲ.

ಪರೀಕ್ಷೆಯ ಬಗ್ಗೆ: ಧಾನ್ಯದ ವಿಷ ಪರೀಕ್ಷೆಗಳು ಮೈಸೂರಿಗೆ ಹೊಸತಲ್ಲ, ಚೆಲುವಾಂಬ ವಿಲಾಸದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಕೆಲಸವನ್ನೇ ಮಾಡುತ್ತಿದೆ. ಆದರೆ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಹೆಂಟೆಯಲ್ಲಿ ರಾಶಿ, ಪಕ್ಕದ ಬೊಗಸೆಯಲ್ಲಿ ಸೊನ್ನೆ. ನೀವು ಒಯ್ದ ಬೊಗಸೆ ಶುದ್ಧವೆಂದು ಬಂದರೆ ಚೀಲ ಶುದ್ಧವೆಂದು ಅರ್ಥವಲ್ಲ. ಎರಡು ಚೀಲದ ಬೆಲೆಗಿಂತ ಪರೀಕ್ಷೆಯ ಖರ್ಚೇ ನಿಮಗೆ ಭಾರವಾದೀತು. ಆ ಹಣ ಹೆಂಚಿಗೆ ಹಾಕಿ.

ಸಾಗಿಸುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಪುಡಿ ಮೇಲೇಳದ ಹಾಗೆ ನೀರು ಚಿಮುಕಿಸಿ. ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಇಲ್ಲದಿದ್ದರೆ ಕೋಳಿಗಳು ಕೆದಕುತ್ತವೆ.

ಕೃಷ್ಣಮೂರ್ತಿಪುರಂ ಹಿರಿಯ (ಮಂಗಳವಾರ, ಸಂಜೆ 6.05)

ದೀಪ ಇಳಿಸುವ ಮಾತು ಓದಿದ ಮೇಲೆ ನನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಾತ ದೀಪ ಇಳಿಸುತ್ತಿದ್ದುದು ನೆನಪಿದೆ, ಅದನ್ನು ದೆವ್ವದ ಭಯಕ್ಕೆಂದು ತಿಳಿದಿದ್ದೆ. ಕೊಬ್ಬರಿಯ ವಿಷಯದಲ್ಲಿ ಮನೆಯವಳೊಂದಿಗೆ ಇನ್ನೂ ಮಾತುಕತೆ ನಡೆಯುತ್ತಿದೆ.

ಮದ್ದೂರು ಕಡೆಯವ (ಮುಂದಿನ ಭಾನುವಾರ, ರಾತ್ರಿ 8.45)

ಊರಿಗೆ ಹೋಗಿ ಬಂದೆ. ಎರಡು ಚೀಲವನ್ನೂ ಗುಂಡಿಗೆ ಸುರಿದು ಮಣ್ಣು ಎಳೆದೆವು. ಉಳಿದ ಮೂರು ಚೀಲವನ್ನು ಬಿಚ್ಚಿ ಬುಡದವರೆಗೂ ಕೈಹಾಕಿ ನೋಡಿದ್ದೇನೆ. ತಣ್ಣಗಿದೆ, ವಾಸನೆಯಿಲ್ಲ, ಕಾಳು ಹಲ್ಲಿಗೆ ಕಟಕ್ಕೆನ್ನುತ್ತದೆ. ಅವನ್ನು ಮತ್ತೊಮ್ಮೆ ಅಂಗಳದಲ್ಲಿ ಒಣಗಿಸಿ, ಗೋಡೆಯಿಂದ ಒಂದು ಮೊಳ ಬಿಟ್ಟು ಹಲಗೆಯ ಮೇಲೆ ಇಟ್ಟಿದ್ದೇವೆ. ಅಪ್ಪನ ಮೂತ್ರದ ಪರೀಕ್ಷೆಗೆ ಬುಧವಾರ ಕೊಡುತ್ತೇವೆ.

ಅವ್ವ ಚೀಲದ ಮೇಲ್ಭಾಗದಿಂದ ಹೆಂಟೆಯಾಗದ ಒಂದು ಮೊರದಷ್ಟು ರಾಗಿಯನ್ನು ನಮಗೆ ತಿಳಿಯದಂತೆ ಆರಿಸಿ, ತೊಳೆದು, ಮಾಳಿಗೆಯ ಮೇಲೆ ಹರವಿದ್ದರು. ಒಂದು ಹಿಡಿ ತೆಗೆದು ನಾನು ಮೂಸಿದೆ, ಏನೂ ವಾಸನೆ ಇರಲಿಲ್ಲ. ಅವರ ಕೈಗೆ ಕೊಟ್ಟೆ. ಅವರೂ ಮೂಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಸನೆಯೇ ಇಲ್ಲವಲ್ಲ, ಇನ್ನು ಇದನ್ನು ಯಾವುದರಲ್ಲಿ ಗುರುತಿಸುವುದು" ಎಂದು ಮೊರವನ್ನು ತಾವೇ ಗುಂಡಿಯ ಕಡೆಗೆ ಎತ್ತಿಕೊಂಡು ಹೋದರು.